ಸಹಾಯ ಬೇಕು: ನ್ಯೂಟನ್ ವಿಧಾನ ಟ್ಯಾಂಕಿನಿಂದ ಹೊರಗೆ ಹಾರುತ್ತಿದೆ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದು ಕಾಫಿ ತೋಟ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಶಿಲೀಂಧ್ರನಾಶಕ) ಕಲಸಲು ಅಡ್ಡ ಮಲಗಿಸಿದ ಸಿಲಿಂಡರ್ ಟ್ಯಾಂಕ್ ಇದೆ. ತ್ರಿಜ್ಯ 0.6 ಮೀಟರ್, ಉದ್ದ 2 ಮೀಟರ್. ಕೋಲು ಅದ್ದಿದರೆ ಎಷ್ಟು ಲೀಟರ್ ಅಂತ ಗೊತ್ತಾಗಲಿ ಎಂದು ಕೋಲಿನ ಮೇಲೆ ಗುರುತು ಹಾಕಬೇಕು. ಆಳದಿಂದ ಲೀಟರ್ ಲೆಕ್ಕ ಸುಲಭ. ಲೀಟರ್‌ನಿಂದ ಆಳಕ್ಕೆ ನೇರ ಸೂತ್ರ ಇಲ್ಲ, ಸಮೀಕರಣದ ಮೂಲ (ಫಂಕ್ಷನ್ ಸೊನ್ನೆಯಾಗುವ ಬೆಲೆ) ಹುಡುಕಬೇಕು. ಅದಕ್ಕೇ ಜಾವಾಸ್ಕ್ರಿಪ್ಟ್‌ನಲ್ಲಿ ಪುಟ್ಟ ಲೈಬ್ರರಿ ಬರೆಯುತ್ತಿದ್ದೇನೆ. (ರೆಡಿಮೇಡ್ ಇದೆ, ಗೊತ್ತು. ಸುಮ್ನೆ ಕಲಿಯುವ ಚಪಲ.)

ತೊಂದರೆ ಇದು: 1500 ಲೀಟರ್‌ಗೆ, 1 ಸೆಂಟಿಮೀಟರ್‌ನಿಂದ ನ್ಯೂಟನ್ ವಿಧಾನ (ಇಳಿಜಾರು ನೋಡಿ ಮುಂದಿನ ಊಹೆಗೆ ಹೋಗುವುದು) ಶುರು ಮಾಡಿದರೆ ಮೊದಲ ಹೆಜ್ಜೆಯೇ 3.4 ಮೀಟರ್‌ಗೆ ಹಾರುತ್ತದೆ. ಟ್ಯಾಂಕಿನ ಎತ್ತರವೇ 1.2! ಆಮೇಲೆ ಲೀಟರ್ ಸೂತ್ರದಲ್ಲಿರುವ ಆರ್ಕ್‌ಕೊಸೈನ್ ನ್ಯಾನ್ (NaN, ಅಂದರೆ ‘ಸಂಖ್ಯೆಯಲ್ಲ’) ಕೊಡುತ್ತದೆ. ತಳದಲ್ಲಿ ಇಳಿಜಾರು ಸೊನ್ನೆಗೆ ಹತ್ತಿರ, ಅದೇ ಕಾರಣ ಅಲ್ವಾ? ನಡುವಿನಿಂದ ಶುರು ಮಾಡಿದರೆ ಸರಿ ಬರುತ್ತದೆ. ಆದರೆ ಲೈಬ್ರರಿಗೆ ಬೇರೆಯವರು ಯಾವ ಫಂಕ್ಷನ್ ಕೊಡುತ್ತಾರೋ ಯಾರಿಗೆ ಗೊತ್ತು. ಬೈಸೆಕ್ಷನ್ (ಮೂಲ ಇರುವ ವ್ಯಾಪ್ತಿಯನ್ನು ಪ್ರತಿ ಸುತ್ತಿಗೂ ಅರ್ಧ ಮಾಡುವ ವಿಧಾನ) ಕೈ ಕೊಡುವುದಿಲ್ಲ, ಆದರೆ ಹತ್ತು ದಶಾಂಶಕ್ಕೆ 34 ಸುತ್ತು ಬೇಕು.

ಹೆಜ್ಜೆ ಗಡಿ ದಾಟಿದಾಗ ಮಾತ್ರ ಬೈಸೆಕ್ಷನ್‌ಗೆ ಇಳಿದರೆ ಸಾಕಾ? ಅಥವಾ ಡೆರಿವೇಟಿವ್ (ಇಳಿಜಾರು) ಕೇಳದ, ಬೈಸೆಕ್ಷನ್ ಜೊತೆ ವೇಗದ ಊಹೆ ಬೆರೆಸಿದ ಬ್ರೆಂಟ್ ವಿಧಾನವನ್ನೇ ಬರೆಯಲಾ? ನಿಲ್ಲಿಸುವ ಷರತ್ತು ಆಳದ ಮೇಲೆ ಇಡಬೇಕೋ, ಫಂಕ್ಷನ್ ಬೆಲೆಯ ಮೇಲೋ? ಮಾಡಿ ನೋಡಿದವರು ಹೇಳಿ. ಇಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದೆ, ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.