ಪಂಡಿತಾ ರಮಾಬಾಯಿ ನಮ್ಮ ಘಟ್ಟದವರಾ?

ಏಳನೇ ಕ್ಲಾಸ್ ಹುಡುಗಿಯ ಅಮ್ಮ:
ಹೆಣ್ಣುಮಕ್ಕಳ ಓದಿಗೆ ದುಡಿದ ಒಬ್ಬರ ಬಗ್ಗೆ ಮಗಳು ಶಾಲೆಯಲ್ಲಿ ಐದು ನಿಮಿಷ ಮಾತಾಡಬೇಕು. ಸಾವಿತ್ರಿಬಾಯಿ ಫುಲೆ ಬಗ್ಗೆ ಆಗಲೇ ಬೇರೆಯವರು ಹೆಸರು ಕೊಟ್ಟಾಗಿದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಕಡೆಯೇ ಅಂತ ಯಾರೋ ಹೇಳಿದರು. ನಿಜವಾ? ಬರೀ ಇಸವಿಗಳು ಬೇಡ, ಮಕ್ಕಳು ಕಿವಿಗೊಟ್ಟು ಕೇಳುವಂಥದ್ದು ಬೇಕು.

ನಿವೃತ್ತ ಮೇಷ್ಟ್ರು:
ನಿಜ ಕಣಮ್ಮ. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಆದರೆ ಕಥೆಯನ್ನು ಅವರ ಅಪ್ಪನಿಂದ ಶುರು ಮಾಡಿಸಿ. ಅನಂತ ಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಪಂಡಿತರು ಸುಮ್ಮನಿರುತ್ತಾರಾ? ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅಂತ ಉಡುಪಿಯಲ್ಲಿ ಸಭೆಯ ಮುಂದೆ ನಿಲ್ಲಿಸಿದರು. ಶಾಸ್ತ್ರಿಗಳು ಶಾಸ್ತ್ರದಿಂದಲೇ ಉತ್ತರ ಕೊಟ್ಟು ಬಂದರು! ಮುಂದೆ ಅವರಿಗೆ ವಯಸ್ಸಾಯಿತು. ರಮಾಬಾಯಿಗೆ ಪಾಠ ಹೇಳಿದ್ದು ಅದೇ ಲಕ್ಷ್ಮೀಬಾಯಿ.

ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಾ ಪುರಾಣ ಹೇಳಿ ಬದುಕುತ್ತಿದ್ದ ಮನೆತನ. 1870ರ ದಶಕದ ಬರದಲ್ಲಿ ಪುರಾಣ ಕೇಳುವವರೂ ಇಲ್ಲ, ಕಾಳು ಕೊಡುವವರೂ ಇಲ್ಲ. ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಸಾವಿರಾರು ಶ್ಲೋಕ ಬಾಯಿಗೆ ಬರುತ್ತಿತ್ತು, ಹೊಟ್ಟೆಗೆ ದುಡಿಯುವ ಕೆಲಸ ಒಂದೂ ಬರುತ್ತಿರಲಿಲ್ಲ. ಕಲ್ಕತ್ತಾದ ವಿದ್ವಾಂಸರು ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟಿದ್ದು ಇದಾದ ಮೇಲೆ. ಎಲ್ಲರೂ ಬಿರುದನ್ನೇ ಹೇಳುತ್ತಾರೆ. ನನಗೆ ಆ ಹಸಿವೇ ಮುಖ್ಯ ಅನಿಸುತ್ತದೆ. ಪುಣೆ ಬಳಿಯ ಕೇಡಗಾಂವ್‌ನಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಮುಕ್ತಿ ಸದನ ಕಟ್ಟಿದಾಗ ಓದಿನ ಜೊತೆ ನೇಯ್ಗೆ, ಎಣ್ಣೆ ತೆಗೆಯೋದು, ಹೊಲದ ಕೆಲಸ, ಅಚ್ಚುಕೂಟದ ಕೆಲಸ ಎಲ್ಲ ಕಲಿಸಿದರು. ಅಲ್ಲಿಗೆ ಬಂದವರಲ್ಲಿ ಬರಕ್ಕೆ ಸಿಕ್ಕಿದ ಹುಡುಗಿಯರೇ ಜಾಸ್ತಿ.

ಕಲಬುರಗಿಯವನು:
ಅವರ ಮಗಳು ಮನೋರಮಾ ನಮ್ಮೂರಲ್ಲೂ ಶಾಲೆ ನಡೆಸಿದ್ದರು, 1910ರ ದಶಕದಲ್ಲಿ. ಇಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಏಳನೇ ಕ್ಲಾಸ್ ಹುಡುಗಿಯ ಅಮ್ಮ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಅವರು ಕ್ರೈಸ್ತರಾದರು ಅಲ್ವಾ? ಅದನ್ನು ಬಿಟ್ಟುಬಿಡಲಾ?

ನಿವೃತ್ತ ಮೇಷ್ಟ್ರು:
ಬಿಡಬೇಡಿ. 1883ರಲ್ಲಿ ಇಂಗ್ಲೆಂಡಿನಲ್ಲಿ ಮತಾಂತರವಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಅಲ್ಲಿನ ಹುಡುಗಿಯರನ್ನೂ ಕ್ರೈಸ್ತರಾಗಿಸುತ್ತಾರೆ ಅಂತ ತಿಲಕರ ಪತ್ರಿಕೆ 'ಕೇಸರಿ' ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಸಮಾಜ ಸುಧಾರಕರೂ ಸದನದ ಸಲಹಾ ಸಮಿತಿ ಬಿಟ್ಟರು. ಮನೆಯವರು ಬಂದು ಹುಡುಗಿಯರನ್ನು ಕರೆದುಕೊಂಡು ಹೋದರು. ಅದೇ ವರ್ಷ ಅಲ್ಲಿ ಓದಿದ ವಿಧವೆ ಗೋದೂಬಾಯಿ, ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆ ಅವರೇ. ಸಮಯ ಸಾಲದಿದ್ದರೆ ಕಲ್ಕತ್ತಾ ಬಿಡಿಸಿ, ಉಡುಪಿ ಸಭೆ ಮಾತ್ರ ಇರಲಿ.