ಅಪ್‌ಡೇಟ್: ಅಪ್ಪನ ವಿಲ್ ಕೊನೆಗೂ ಆಯ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಉಡುಪಿಯ ಮನೆಗೆ ಅಪ್ಪ ನನ್ನ ಹೆಸರಿಗೆ ಜಿಪಿಎ (ಅವರ ಪರವಾಗಿ ವ್ಯವಹಾರ ನಡೆಸುವ ಅಧಿಕಾರ ಪತ್ರ) ಕೊಟ್ಟಿದ್ದಾರೆ, ಇನ್ನು ವಿಲ್ ಯಾಕೆ ಅಂತ. ಬೇಕೇ ಬೇಕು ಅಂದವರೇ ಸರಿ. ಜಿಪಿಎ ನಡೆಯುವುದು ಅಪ್ಪ ಇರುವವರೆಗೆ ಮಾತ್ರ. ಆಮೇಲೆ ಅದು ಬರೀ ಕಾಗದ.

ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಇಲ್ಲದಿದ್ದರೆ ನಿಲ್ಲುವುದಿಲ್ಲ. ಭಾವ "ನಾನೇ ಸಾಕ್ಷಿ ಹಾಕ್ತೇನೆ" ಅಂದರು. ಪಾಲು ಸಿಗುವ ಮನೆಯವರು ಬೇಡ ಅಂತ ವಕೀಲರು ತಡೆದರು. ಕೊನೆಗೆ ಪಕ್ಕದ ಮನೆಯ ಮಾಸ್ಟ್ರು, ಅವರ ಮಗ ಬಂದರು. ಅಪ್ಪನ ಕನ್ನಡಕ ಹುಡುಕುವುದರಲ್ಲೇ ಅರ್ಧ ಗಂಟೆ! ಪ್ರತಿ ಹಾಳೆಗೂ ಸಹಿ ಹಾಕಿದರು. ಆಮೇಲೆ ಅಮ್ಮ ಎಲ್ಲರಿಗೂ ನೀರುದೋಸೆ ಬಡಿಸಿದರು.

ನಮ್ಮದು ಅಳಿಯಕಟ್ಟು, ಅಂದರೆ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ. ಕುಟುಂಬದ ಆಸ್ತಿಯಲ್ಲಿನ ತನ್ನ ಪಾಲನ್ನು ವಿಲ್ ಮಾಡಬಹುದಾ ಅನ್ನೋದೇ ಅಪ್ಪನ ದೊಡ್ಡ ಭಯ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅದಕ್ಕೆ ಅಡ್ಡಿಯಿಲ್ಲ.

ಎಫ್‌ಡಿಗೆ ಅಮ್ಮ ನಾಮಿನಿ. ನಾಮಿನಿ ಅಂದರೆ ದುಡ್ಡು ಪಡೆಯುವವರು ಅಷ್ಟೇ, ಮಾಲೀಕರಲ್ಲ. ಅದನ್ನೂ ವಿಲ್‌ನಲ್ಲಿ ಬರೆಸಿದೆವು. ಸುಮ್ನೆ ಯಾಕೆ ಅಂದರೂ ಕೇಳದೆ, ನೋಂದಣಿಯೂ ಆಗಲಿ ಅಂತ ಅಪ್ಪ ಹಟ ಹಿಡಿದಿದ್ದಾರೆ. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸು.