ಸಹಾಯ ಬೇಕು: ಭತ್ತದ ಕಾಳಿನಿಂದ ಶುದ್ಧ ಆರ್‌ಎನ್‌ಎ ಸಿಗುತ್ತಿಲ್ಲ

ಹೂ ಅರಳಿ 15 ದಿನವಾದ ಎಳೆ ಕಾಳು. ದ್ರವ ಸಾರಜನಕದಲ್ಲಿ ಅರೆದ 100 ಮಿ.ಗ್ರಾಂ ಪುಡಿಗೆ 1 ಮಿ.ಲೀ. ಟ್ರೈಜಾಲ್ (ಆರ್‌ಎನ್‌ಎ ಹೊರತೆಗೆಯುವ ದ್ರಾವಣ) ಹಾಕಿದ ತಕ್ಷಣ ಗಂಜಿಯಂತೆ ಗಟ್ಟಿಯಾಗುತ್ತದೆ. ಕ್ಲೋರೋಫಾರ್ಮ್ ಸೇರಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೂ ಪದರಗಳು ಸರಿಯಾಗಿ ಬಿಡುವುದಿಲ್ಲ. ಬೆಳಕಿನ ಹೀರಿಕೆಯಿಂದ ಶುದ್ಧತೆ ಅಳೆದರೆ, ಪ್ರೋಟೀನ್ ಬೆರಕೆ ತೋರಿಸುವ 260/280 ಅನುಪಾತ 1.9 ಇದೆ, ಅದು ಸರಿ; ಪಿಷ್ಟ, ಲವಣದಂಥ ಬೆರಕೆ ತೋರಿಸುವ 260/230 ಮಾತ್ರ 0.6, ತೀರಾ ಕಡಿಮೆ. ಅದೇ ಗಿಡದ ಎಲೆಯಲ್ಲಿ ಈ ಕಾಟವಿಲ್ಲ. ಅಂದರೆ ತೊಂದರೆ ಟ್ರೈಜಾಲ್‌ನದ್ದಲ್ಲ, ಪಿಷ್ಟದ್ದು.

ಪುಡಿಯನ್ನು 50 ಮಿ.ಗ್ರಾಂಗೆ ಇಳಿಸಿ, ಆರ್‌ಎನ್‌ಎ ತಳಕ್ಕಿಳಿಸುವಾಗ ಐಸೊಪ್ರೊಪನಾಲ್ ಜೊತೆ ಸಮಪ್ರಮಾಣದಲ್ಲಿ ಲವಣದ ದ್ರಾವಣ (0.8 ಮೋಲಾರ್ ಸೋಡಿಯಂ ಸಿಟ್ರೇಟ್, 1.2 ಮೋಲಾರ್ ಸೋಡಿಯಂ ಕ್ಲೋರೈಡ್) ಬಳಸಿದರೆ ಸಾಕೇ? ಇಲ್ಲಾ ಸಿಟಿಎಬಿ (ಪಿಷ್ಟದಂಥವನ್ನು ಬೇರ್ಪಡಿಸಲು ನೆರವಾಗುವ ಮಾರ್ಜಕ) ವಿಧಾನಕ್ಕೇ ಹೋಗಿ, ಆರ್‌ಎನ್‌ಎ ತಳಕ್ಕಿಳಿಯಲು 2 ಮೋಲಾರ್ ಲಿಥಿಯಂ ಕ್ಲೋರೈಡ್‌ನಲ್ಲಿ ರಾತ್ರಿಯಿಡೀ 4 ಡಿಗ್ರಿಯಲ್ಲಿಡಬೇಕೇ?

ಅಳೆಯಬೇಕಿರುವುದು ವ್ಯಾಕ್ಸಿ ಜೀನ್ (ಕಾಳಿನಲ್ಲಿ ಅಮೈಲೋಸ್ ಎಂಬ ಪಿಷ್ಟ ಕಟ್ಟುವ ಜೀನ್) ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು. ಕೆಲವು ತಳಿಗಳಲ್ಲಿ ಅದರ ಮೊದಲ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯಬೇಕಾದ ಭಾಗ) ಪೂರ್ತಿ ಕತ್ತರಿಸಿ ಹೋಗದ ಕಾರಣ ಪ್ರೈಮರ್ (ಅಳೆಯುವ ಭಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಎಲ್ಲಿ ಕೂರಿಸಬೇಕೆಂಬುದೂ ತಲೆನೋವೇ. ಎಲೆ, ಕಾಳು ಎರಡರಲ್ಲೂ ಮಟ್ಟ ಏರಿಳಿಯದ, ಅಳತೆಗೆ ಆಧಾರವಾಗುವ ಹೋಲಿಕೆ ಜೀನ್ ಯಾವುದು? ಸಾಮಾನ್ಯವಾಗಿ ಬಳಸುವ ಆಕ್ಟಿನ್ ಜೀನ್ ಮೇಲೆ ನಂಬಿಕೆಯಿಲ್ಲ.